ಕೈ. ಲಕ್ಷ್ಮಣರಾವ ಕಿರ್ಲೋಸ್ಕರರು ಮತ್ತು ಅವರ ಕೆಲಸಗಾರರು

ಎರೆಭೂಮಿಯ ಒಕ್ಕಲಿಗನಿಗೆ ನೆಲವನ್ನು ಆಳವಾಗಿ ಉಳುವ ದಿನಗಳು ಬಹಳವಿಲ್ಲ. ಸುಗ್ಗಿ ಮುಗಿದ ಮೇಲೆ, ಮಳೆ ಬೀಳುವ ಮುನ್ನ, ಆ ಕೆಲಸವು ಮುಗಿಯಲೇಬೇಕು. ಆ ಹೊತ್ತಿನಲ್ಲಿ ಅವನ ಹೊಲಕ್ಕೆ ಬರಬೇಕಾದ ನೇಗಿಲು ತಡವಾಗಿ ಬಂದರೆ, ಅಥವಾ ಬಂದ ನೇಗಿಲಿನ ಒಂದು ಬೋಲ್ಟು ದಾರಿಯಲ್ಲಿ ಕಳೆದುಹೋಗಿದ್ದರೆ, ಕಬ್ಬಿಣವು ಎಷ್ಟೇ ಉತ್ತಮವಾಗಿರಲಿ, ಆ ವರ್ಷದ ಮಟ್ಟಿಗೆ ಅದು ಇದ್ದೂ ಇಲ್ಲದಂತೆಯೆ. ಯಂತ್ರವನ್ನು ಕಲ್ಪಿಸಿದವನ ಹೆಸರನ್ನು ಜಗತ್ತು ನೆನೆಯುತ್ತದೆ. ಅದಕ್ಕೆ ಎರಕ ಹೊಯ್ದವನನ್ನೂ, ಭಾಗಕ್ಕೆ ಭಾಗ ಹೊಂದಿಸಿ ಜೋಡಿಸಿದವನನ್ನೂ, ಕಟ್ಟಿ ರೈಲಿಗೆ ಹೇರಿದವನನ್ನೂ ನೆನೆಯುವವರು ವಿರಳ. ಈ ನಾಲ್ಕೂ ಕೆಲಸಗಳು ನಿಜವಾಗಿ ಒಂದೇ ಕೆಲಸವೆಂಬುದನ್ನು ನಮ್ಮ ಕಡೆಯಲ್ಲಿ ಬಹು ಮುಂಚಿತವಾಗಿ ಮನಗಂಡವರು ಕೈಲಾಸವಾಸಿ ಲಕ್ಷ್ಮಣರಾವ ಕಿರ್ಲೋಸ್ಕರರು. ಅವರು ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ತಮ್ಮ ಉದ್ಯೋಗವನ್ನು ಆರಂಭಿಸಿದವರು. ಬೆಳಗಾವಿಯನ್ನು ಬಿಟ್ಟು ಹೋಗಬೇಕಾಗಿ ಬಂದವರು. ಆದ್ದರಿಂದ ಅವರ ಚರಿತ್ರೆಯಲ್ಲಿ ನಮಗೆ ಹೆಮ್ಮೆಪಡಲು ಎಷ್ಟು ಕಾರಣವಿದೆಯೋ ತಲೆ ತಗ್ಗಿಸಲೂ ಅಷ್ಟೇ ಕಾರಣವುಂಟು.

ಲಕ್ಷ್ಮಣರಾಯರು 1869ನೆಯ ಇಸವಿಯ ಜೂನ್ 20ರಂದು ಗುರ್ಲಹೊಸೂರಿನಲ್ಲಿ ಜನಿಸಿದರು. ಮರಾಠಿ ಸಂಗೀತ ನಾಟಕಕ್ಕೆ ಪ್ರತಿಷ್ಠೆ ತಂದುಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರ ಜನ್ಮಸ್ಥಳವೂ ಅದೇ ಊರು. ಮನೆಯ ಮಾತು ಮರಾಠಿ, ಕಾಲ ಕೆಳಗಿನ ನೆಲ ಕನ್ನಡದ್ದು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ನುರಿತವರು. ಮಗನ ಒಲವಾದರೋ ಚಿತ್ರ ಬರೆಯುವದರಲ್ಲಿಯೂ ಯಂತ್ರಗಳನ್ನು ಬಿಚ್ಚಿ ಕೂಡಿಸುವದರಲ್ಲಿಯೂ ಇತ್ತು. ಅಂಥ ವಿದ್ಯೆಯಿಂದ ಹೊಟ್ಟೆ ತುಂಬೀತೆ ಎಂಬ ಶಂಕೆ ಆ ಕಾಲದ ಯಾವ ಸದ್ಗೃಹಸ್ಥನಿಗಾದರೂ ಸಹಜವೇ. ಆದರೆ ಹಿರಿಯ ಸೋದರರಾದ ರಾಮಚಂದ್ರರಾಯರು, ಅಂದರೆ ಎಲ್ಲರ ಬಾಯಲ್ಲಿಯೂ ರಾಮುಅಣ್ಣ ಎನಿಸಿಕೊಂಡವರು, ತಮ್ಮನ ಬೆಂಬಲಕ್ಕೆ ನಿಂತರು. ಈ ಬೆಂಬಲವು ಮುಂದೆ ಎಂದೂ ತಪ್ಪಲಿಲ್ಲ. ಅಣ್ಣನ ನೆರವಿನಿಂದ ಲಕ್ಷ್ಮಣರಾಯರು 1885ರಲ್ಲಿ ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಅಲ್ಲಿ ಅವರಿಗೆ ಮೊದಲನೆಯ ಪೆಟ್ಟು ಬಿದ್ದಿತು. ಕೆಲವು ಬಣ್ಣಗಳನ್ನು ಬೇರ್ಪಡಿಸಿ ಗುರುತಿಸುವ ಶಕ್ತಿ ಅವರ ಕಣ್ಣುಗಳಿಗೆ ಇಲ್ಲವೆಂಬುದು ಎರಡು ವರ್ಷಗಳ ಅಭ್ಯಾಸದ ತರುವಾಯ ಗೊತ್ತಾಯಿತು. ವರ್ಣಚಿತ್ರಕಾರನಾಗಬೇಕೆಂದವನಿಗೆ ಇದಕ್ಕಿಂತ ದೊಡ್ಡ ಆಪತ್ತು ಯಾವದು? ಅನ್ಯರಾಗಿದ್ದರೆ ದೈವವನ್ನು ಹಳಿಯುತ್ತ ಊರಿಗೆ ಮರಳುತ್ತಿದ್ದರು. ಲಕ್ಷ್ಮಣರಾಯರು ಬಣ್ಣವನ್ನು ಬಿಟ್ಟರು, ಗೆರೆಯನ್ನು ಬಿಡಲಿಲ್ಲ. ಯಂತ್ರಗಳ ನಕ್ಷೆ ತೆಗೆಯುವ ಶಾಸ್ತ್ರವನ್ನು ಹಿಡಿದು, ಅದರಲ್ಲಿ ಪರಿಣತಿ ಪಡೆದು, ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಶಾಲೆಯಲ್ಲಿ ಅಧ್ಯಾಪಕರಾದರು. ನಕ್ಷೆಯನ್ನು ಕಲಿಸುತ್ತ ಕಲಿಸುತ್ತ ಆ ನಕ್ಷೆಯಲ್ಲಿದ್ದ ಯಂತ್ರಗಳನ್ನು ಕೈಯಿಂದ ಮುಟ್ಟಿ ನಡೆಸುವದನ್ನೂ ಕಲಿತುಕೊಂಡರು. ಕಾಗದದ ಮೇಲಿನ ಗೆರೆಗೂ ಕಬ್ಬಿಣದ ಅಂಚಿಗೂ ಕೂದಲೆಳೆಯಷ್ಟೂ ಭೇದವಿರಕೂಡದೆಂಬ ಹಟವು ಅವರಲ್ಲಿ ಬೇರೂರಿದ್ದು ಈ ಕಾಲದಲ್ಲಿಯೇ.

ಮುಂಬಯಿಯಲ್ಲಿ ಅವರ ಕಣ್ಣಿಗೆ ಬಿದ್ದ ಹೊಸ ವಸ್ತುಗಳಲ್ಲಿ ಬೈಸಿಕಲ್ಲು ಒಂದು. 1888ರಲ್ಲಿ ಅಣ್ಣತಮ್ಮಂದಿರು ಕಿರ್ಲೋಸ್ಕರ ಬ್ರದರ್ಸ್ ಎಂಬ ಹೆಸರಿನಲ್ಲಿ ವ್ಯಾಪಾರ ಹೂಡಿದರು. ತಮ್ಮನು ಮುಂಬಯಿಯಲ್ಲಿ ಬೈಸಿಕಲ್ಲುಗಳನ್ನು ಕೊಂಡು ಬೆಳಗಾವಿಗೆ ಕಳಿಸುವದು, ಅಣ್ಣನು ಅವನ್ನು ಬೆಳಗಾವಿಯಲ್ಲಿ ಮಾರುವದು ಮತ್ತು ಕೊಂಡವರಿಗೆ ಹತ್ತಿ ನಡೆಸಲು ಕಲಿಸುವದು, ಇದು ಅವರ ಏರ್ಪಾಡು. ಮುಂದೆ ಸಾವಿರಾರು ಯಂತ್ರಗಳನ್ನು ದೇಶದ ಮೂಲೆಮೂಲೆಗೆ ಕಳಿಸಿದ ಮನೆತನದ ಮೊದಲನೆಯ ಪಾಠವು ಈ ಸಣ್ಣ ವ್ಯಾಪಾರದಲ್ಲಿಯೇ ಆಯಿತೆಂದು ನಮಗೆ ತೋರುತ್ತದೆ. ಸರಕು ಕೊಂಡವನ ಮನೆ ಮುಟ್ಟಿದರೆ ಸಾಲದು. ಅದನ್ನು ನಡೆಸುವ ಬಗೆಯೂ ಅವನ ಕೈಗೆ ಹತ್ತಬೇಕು. ಅಲ್ಲಿಯವರೆಗೆ ವ್ಯಾಪಾರ ಮುಗಿದಂತಲ್ಲ.

ತಾಂತ್ರಿಕ ಶಾಲೆಯಲ್ಲಿ ಅವರಿಗೆ ನ್ಯಾಯವಾಗಿ ಬರಬೇಕಾಗಿದ್ದ ಬಡತಿಯು ಒಬ್ಬ ಆಂಗ್ಲೋ-ಇಂಡಿಯನ್ ಗೃಹಸ್ಥನಿಗೆ ದೊರೆಯಿತು. ಆ ಕಾಲದ ರಾಜ್ಯಪದ್ಧತಿಯಲ್ಲಿ ಇದು ದಿನದ ಮಾತು. ಸಾವಿರ ಜನರು ಇಂಥ ಅಪಮಾನವನ್ನು ನುಂಗಿ ನಿವೃತ್ತಿವೇತನದ ದಾರಿ ಕಾಯುತ್ತಿದ್ದರು. ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ನೌಕರಿಯಲ್ಲಿ ಅವರಿಗೆ ಮುಚ್ಚಿದ ಬಾಗಿಲು ದೇಶದ ಕೈಗಾರಿಕೆಗೆ ತೆರೆದ ಬಾಗಿಲಾಯಿತು.

ಬೆಳಗಾವಿಯಲ್ಲಿ ಬೈಸಿಕಲ್ಲಿನ ಅಂಗಡಿಯ ಜೊತೆಗೆ ಚಿಕ್ಕದೊಂದು ಯಂತ್ರಶಾಲೆಯನ್ನು ಸ್ಥಾಪಿಸಿದರು. ಸುತ್ತಲಿನ ಜನರೆಲ್ಲ ಒಕ್ಕಲುತನದವರು. ಅವರಿಗೆ ಉಪಯುಕ್ತವಾದದ್ದನ್ನೇ ಮಾಡಬೇಕೆಂದು ನಿಶ್ಚಯಿಸಿ, ಮೊದಲು ಮೇವು ಕತ್ತರಿಸುವ ಯಂತ್ರವನ್ನೂ, ಅನಂತರ 1903ರಲ್ಲಿ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಅದುವರೆಗೆ ಕಬ್ಬಿಣದ ನೇಗಿಲೆಂದರೆ ವಿಲಾಯತಿಯದು, ಹಡಗಿನಿಂದ ಬರಬೇಕು. ಅಂಥದು ಬೆಳಗಾವಿಯ ಪೇಟೆಯಲ್ಲಿಯೇ ಹುಟ್ಟಿದರೆ ಜನರು ಮುಗಿಬಿದ್ದು ಕೊಳ್ಳುವರೆಂದು ಯಾರಾದರೂ ಎಣಿಸುತ್ತಿದ್ದರು. ನಡೆದದ್ದು ಬೇರೆ. ಕಬ್ಬಿಣವು ತಾಗಿದರೆ ಭೂಮಿಗೆ ವಿಷವೇರುವದೆಂಬ ನಂಬಿಗೆ ಒಕ್ಕಲಿಗರಲ್ಲಿ ಹಬ್ಬಿತ್ತು. ಎರಡು ವರ್ಷಗಳವರೆಗೆ ನೇಗಿಲುಗಳು ಕೊಳ್ಳುವವರಿಲ್ಲದೆ ಬಿದ್ದುಕೊಂಡವು. ಈ ಎರಡು ವರ್ಷಗಳನ್ನು ವಾಚಕರು ಕ್ಷಣಕಾಲ ಮನಸ್ಸಿಗೆ ತಂದುಕೊಳ್ಳಬೇಕು. ನೌಕರಿ ಹೋಗಿದೆ; ಹಣವೆಲ್ಲ ಕಬ್ಬಿಣವಾಗಿದೆ; ಕಬ್ಬಿಣವು ಮೂಲೆಯಲ್ಲಿ ಕುಳಿತಿದೆ; ಕೆಲಸಗಾರರ ಪಗಾರದ ದಿನ ಮಾತ್ರ ತಪ್ಪದೆ ಬರುತ್ತಿದೆ. ಸೋದರರು ಕೈಬಿಡಲಿಲ್ಲ. ನೇಗಿಲನ್ನು ಒಕ್ಕಲಿಗರಿಗೆ ತೋರಿಸಿದರು, ತಿಳಿಹೇಳಿದರು. ಕಡೆಗೆ ಧೈರ್ಯವಂತರಾದ ಕೆಲವರು ಕೊಂಡರು.

ಕೊಂಡ ಮೇಲೆ ನಿಜವಾದ ಪರೀಕ್ಷೆ ಆರಂಭವಾಯಿತು. ಎರಕದ ಕಬ್ಬಿಣವು ಗಟ್ಟಿ, ಆದರೆ ಮುರುಕು. ಒಣಗಿ ಕಲ್ಲಾದ ಎರೆಯಲ್ಲಿ ನೇಗಿಲಿನ ಕುಳಕ್ಕೆ ಬೀಳುವ ಒತ್ತಡವು ಸಾಮಾನ್ಯವಲ್ಲ. ಮೊದಮೊದಲಿನ ಕುಳಗಳ ಮೊನೆ ಅದನ್ನು ತಾಳಲಿಲ್ಲ. ಒಕ್ಕಲಿಗರ ದೂರನ್ನು ಕೇಳಿ ಲಕ್ಷ್ಮಣರಾಯರು ಮುನಿಯಲಿಲ್ಲ, ತಪ್ಪನ್ನು ಹೊಲದ ಮೇಲೆ ಹೊರಿಸಲೂ ಇಲ್ಲ. ಎರಕವನ್ನು ಮತ್ತೆ ಮತ್ತೆ ತಿದ್ದಿ, ನೆಲವನ್ನು ತಾಳಿಕೊಳ್ಳುವ ಕುಳವನ್ನು ಮಾಡಿದರು. ಇನ್ನೊಂದು ಮಾತುಂಟು. ಕುಳವು ಎಷ್ಟು ಒಳ್ಳೆಯದಾದರೂ ಸವೆಯದೆ ಇರುವದಿಲ್ಲ. ಸವೆದ ಕುಳವನ್ನು ತೆಗೆದು ಹೊಸದನ್ನು ಹಾಕುವಾಗ ಬೋಲ್ಟಿನ ತೂತಿಗೆ ತೂತು ಸರಿಯಾಗಿ ಕೂಡಬೇಕು. ಹಳ್ಳಿಯ ಬಡಿಗನು ಮಾಡಿದ ಮರದ ನೇಗಿಲಿನಲ್ಲಿ ಈ ಕಷ್ಟವಿಲ್ಲ; ಅವನೇ ಬಂದು ಕೆತ್ತಿ ಹೊಂದಿಸುತ್ತಾನೆ. ಕಾರಖಾನೆಯ ನೇಗಿಲು ನೂರು ಹರದಾರಿ ದೂರದಲ್ಲಿದ್ದಾಗ ಹೊಂದಿಸುವವರು ಯಾರು? ಈ ವರ್ಷ ಮಾಡಿದ ಕುಳವು ಮೂರು ವರ್ಷದ ಹಿಂದೆ ಮಾರಿದ ನೇಗಿಲಿಗೆ ತಾನಾಗಿಯೇ ಕೂಡುವಂತಿರಬೇಕು. ನಕ್ಷೆಯ ಉಪಾಧ್ಯಾಯನ ಹಟಕ್ಕೆ ಇಲ್ಲಿ ಬೆಲೆ ಬಂದಿತು.

ಉದ್ಯೋಗವು ಚೇತರಿಸಿಕೊಳ್ಳುವಷ್ಟರಲ್ಲಿ ಎರಡನೆಯ ಪೆಟ್ಟು ಬಿದ್ದಿತು. ಊರು ಬೆಳೆಸುವ ಸಲುವಾಗಿ ಬೆಳಗಾವಿಯ ಪುರಸಭೆಯು ಕಾರಖಾನೆಯ ಜಾಗವನ್ನು ಬಿಡಬೇಕೆಂದು ಅಪ್ಪಣೆ ಮಾಡಿತು. ಬೆಳಗಾವಿಯಲ್ಲಿ ಇಂದಿಗೂ ಕಿರ್ಲೋಸ್ಕರ ರಸ್ತೆ ಇದೆ. ಕಿರ್ಲೋಸ್ಕರರಿಗೆ ಅಂದು ಅಲ್ಲಿ ನೆಲೆ ಉಳಿಯಲಿಲ್ಲ. ಒಂದು ಊರು ತನ್ನ ಮಡಿಲಲ್ಲಿ ಮೊಳೆತ ಕೈಗಾರಿಕೆಯನ್ನು ಗುರುತಿಸದೆ ಕಳೆದುಕೊಂಡದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ನಮ್ಮ ಪ್ರಾಂತದಲ್ಲಿ ಬೇರೆ ಸಿಗಲಾರದು. ಕಾರಖಾನೆ ನಿಂತ ಆ ಕಷ್ಟಕಾಲದಲ್ಲಿ ಔಂಧ ಸಂಸ್ಥಾನದ ಅಧಿಪತಿಗಳಾದ ಶ್ರೀಮಂತ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಲಕ್ಷ್ಮಣರಾಯರಿಗೆ ದೇವಾಲಯದ ಸಭಾಮಂಟಪವೊಂದನ್ನು ಕಟ್ಟುವ ಕೆಲಸ ವಹಿಸಿದರು. ಸ್ವತಃ ಚಿತ್ರಕಾರರಾಗಿದ್ದ ಆ ಅರಸರು ಈ ಮನುಷ್ಯನ ಯೋಗ್ಯತೆಯನ್ನು ಅಳೆದುಕೊಂಡರು. ಕುಂಡಲ ರೋಡ್ ರೈಲು ನಿಲ್ದಾಣದ ಬಳಿಯಲ್ಲಿ ತಮ್ಮ ಸಂಸ್ಥಾನದ 32 ಎಕರೆ ಭೂಮಿಯನ್ನೂ, 10,000 ರೂಪಾಯಿಗಳ ಸಾಲವನ್ನೂ ಒದಗಿಸಿಕೊಟ್ಟರು.

ಭೂಮಿಯೆಂಬುದು ಹೆಸರಿಗೆ ಮಾತ್ರ. ಅದು ಪಾಪಾಸುಕಳ್ಳಿಯ ಕಾಡು, ನಾಗರಹಾವುಗಳ ಬೀಡು. ನೀರಿಲ್ಲ, ನೆರಳಿಲ್ಲ. ಆದರೆ ಅಲ್ಲೊಂದು ದೊಡ್ಡ ಸೌಕರ್ಯವಿತ್ತು: ಎದುರಿಗೇ ರೈಲು. ಪುಣೆಯಿಂದ ಮಿರಜದ ಮೇಲೆ ಬೆಳಗಾವಿಗೆ ಬರುವ ಮದ್ರಾಸ್ ಮತ್ತು ದಕ್ಷಿಣ ಮರಾಠಾ ರೈಲ್ವೆಯ ಹಾದಿಯದು. ಕಬ್ಬಿಣದ ಗಟ್ಟಿಗಳೂ ಇದ್ದಲಿಯೂ ಬರುವದಕ್ಕೆ ಆ ಹಾದಿಯೇ, ತಯಾರಾದ ನೇಗಿಲುಗಳು ಹೋಗುವದಕ್ಕೂ ಆ ಹಾದಿಯೇ. ಭಾರವಾದ ಸರಕನ್ನು ಚಕ್ಕಡಿಯಲ್ಲಿ ಹತ್ತಾರು ಹರದಾರಿ ಎಳೆದರೆ ಅದರ ಬಾಡಿಗೆಯೇ ಲಾಭವನ್ನು ನುಂಗಿಬಿಡುತ್ತದೆ. ಕಾರಖಾನೆಗೆ ನೀರು, ಕಟ್ಟಡ, ಮನೆಗಳನ್ನು ಆಮೇಲೆ ಮಾಡಿಕೊಳ್ಳಬಹುದು, ರೈಲನ್ನು ಮಾಡಿಕೊಳ್ಳಲಾಗುವದಿಲ್ಲ. ಇದನ್ನು ತಿಳಿದೇ ಲಕ್ಷ್ಮಣರಾಯರು ಕಳ್ಳಿಯ ಕಾಡನ್ನು ಒಪ್ಪಿಕೊಂಡರೆಂದು ನಾವು ಎಣಿಸುತ್ತೇವೆ.

1910ರಲ್ಲಿ ಸ್ಥಳಾಂತರವಾಯಿತು. ಬೆಳಗಾವಿಯಲ್ಲಿ ಬಿಚ್ಚಿದ ಯಂತ್ರಗಳು ರೈಲಿನಲ್ಲಿ ಬಂದು ಕುಂಡಲ ರೋಡಿನಲ್ಲಿ ಇಳಿದವು. ಅವುಗಳ ಜೊತೆಗೆ ಬಂದ ಕೆಲಸಗಾರರು 25 ಮಂದಿ, ಹೆಂಡಿರು ಮಕ್ಕಳೊಂದಿಗೆ. ನಡೆಯುತ್ತಿರುವ ಕಾರಖಾನೆಯನ್ನು ಭಾಗಭಾಗವಾಗಿ ಬಿಚ್ಚಿ, ಬೇರೆ ಊರಿಗೆ ಸಾಗಿಸಿ, ಬಯಲಿನಲ್ಲಿ ಅಡಿಪಾಯ ಹಾಕಿ, ಮೊದಲಿದ್ದಂತೆ ಜೋಡಿಸಿ ನಡೆಸುವದು ಎಷ್ಟು ಕಠಿಣವೆಂಬುದನ್ನು ಯಂತ್ರಗಳೊಡನೆ ಒಡನಾಡಿದವರೇ ಬಲ್ಲರು. ದಂಡವು ಕೂದಲಷ್ಟು ಓರೆಯಾದರೂ ಯಂತ್ರವು ಬಿಸಿಯೇರಿ ನಿಲ್ಲುತ್ತದೆ. ಅಂದು ಆ ಬಯಲಿನಲ್ಲಿ ದುಡಿದ ಆ 25 ಮಂದಿ ಕಳ್ಳಿಯನ್ನು ಕಡಿದರು, ಹಾವುಗಳನ್ನು ಅಟ್ಟಿದರು, ತಮ್ಮ ಮನೆಗಳಿಗಿಂತ ಮುಂಚೆ ಯಂತ್ರಗಳಿಗೆ ಮಾಡು ಹೊದಿಸಿದರು. ಆ ಸ್ಥಳಕ್ಕೆ ಕಿರ್ಲೋಸ್ಕರವಾಡಿ ಎಂದು ಹೆಸರಾಯಿತು; ಕಾಲಾಂತರದಲ್ಲಿ ರೈಲು ನಿಲ್ದಾಣವೂ ಅದೇ ಹೆಸರನ್ನು ತಳೆಯಿತು. ವಿಲಾಯತಿಯಲ್ಲಿ ಕ್ಯಾಡ್ಬರಿ, ಲಿವರ್ ಮೊದಲಾದವರು ಕೆಲಸಗಾರರಿಗಾಗಿ ಕಟ್ಟಿಸಿದ ಊರುಗಳ ಮಾದರಿ ಲಕ್ಷ್ಮಣರಾಯರ ಮನಸ್ಸಿನಲ್ಲಿತ್ತು.

ಈ ವಾಡಿಯ ಜನರು ಎಂಥವರು? ಪದವೀಧರರು ಅಲ್ಲಿ ಬಹಳ ಇರಲಿಲ್ಲ. ಊರಿನ ಆಡಳಿತವನ್ನು ರಾಮುಅಣ್ಣನವರು ವಹಿಸಿದರು. ಶಂಭುರಾವ ಜಾಂಭೇಕರರು ಯಂತ್ರಗಳನ್ನು ನೋಡಿಕೊಳ್ಳುವರು; ಬೆಂಕಿ ಬಿದ್ದರೆ ಆರಿಸುವವರೂ ಅವರೇ, ಕಾಯಿಲೆಯವರಿಗೆ ಔಷಧ ಕೊಡುವವರೂ ಅವರೇ. ಮಂಗೇಶರಾವ ರೇಗೆಯವರು ಕಾರಕೂನರೂ ಲೆಕ್ಕಿಗರೂ ವ್ಯವಸ್ಥಾಪಕರೂ ಆಗಿದ್ದರು. ಅನಂತರಾವ ಫಳಣೀಕರರು ಶಾಲೆಯನ್ನು ನಡುವೆಯೇ ಬಿಟ್ಟವರು. ಕಿರ್ಲೋಸ್ಕರವಾಡಿಯಲ್ಲಿ ಯಂತ್ರಗಳನ್ನು ಹೊಸದಾಗಿ ಕಲ್ಪಿಸುವ ಇಂಜಿನಿಯರರಾದರು. ದರೋಡೆಯ ಅಪರಾಧಕ್ಕಾಗಿ ಶಿಕ್ಷೆ ಅನುಭವಿಸಿದ್ದವರು ಅಲ್ಲಿ ವಿಶ್ವಾಸದ ಕಾವಲುಗಾರರಾದರು. ಅಸ್ಪೃಶ್ಯತೆಗೆ ವಾಡಿಯಲ್ಲಿ ಎಡೆಯಿಲ್ಲವೆಂದು ಲಕ್ಷ್ಮಣರಾಯರು ಕಟ್ಟು ಮಾಡಿದ್ದರು. ಪರೀಕ್ಷೆಯ ಕಾಗದವನ್ನು ನೋಡಿ ಮನುಷ್ಯನನ್ನು ಅಳೆಯುವ ರೂಢಿ ಬಲವಾಗಿದ್ದ ಕಾಲದಲ್ಲಿ ಅವರು ಕೈಯನ್ನೂ ನಡತೆಯನ್ನೂ ನೋಡಿದರು. ತಾವೇ ಬಣ್ಣದ ಪರೀಕ್ಷೆಯಲ್ಲಿ ಸೋತವರಲ್ಲವೇ!

ಕಾರಖಾನೆಯೊಳಗಿನ ಕೆಲಸದ ಸರಣಿಯನ್ನು ಇಲ್ಲಿ ತುಸು ವಿವರಿಸುವದು ಅವಶ್ಯ. ಎರಕದ ಮನೆಯಲ್ಲಿ ಮಣ್ಣಿನ ಅಚ್ಚಿಗೆ ಕರಗಿದ ಕಬ್ಬಿಣವನ್ನು ಹೊಯ್ಯುತ್ತಾರೆ. ತಣಿದ ಮೇಲೆ ಅಂಚುಗಳನ್ನು ಉಜ್ಜಿ, ತೂತು ಕೊರೆಯುತ್ತಾರೆ. ಅನಂತರ ಜೋಡಿಸುವವರ ಸರದಿ: ಈಸು, ಕುಳ, ಮಣ್ಣನ್ನು ಮಗುಚುವ ರೆಕ್ಕೆ, ಮೇಳಿ, ಇವುಗಳನ್ನು ಬೋಲ್ಟು ನಟ್ಟುಗಳಿಂದ ಕೂಡಿಸಿ, ನೇಗಿಲು ನೆಲದ ಮೇಲೆ ನೆಟ್ಟಗೆ ಕೂಡ್ರುವದೋ ಇಲ್ಲವೋ ನೋಡಬೇಕು. ಹಿಂದಿನವರ ತಪ್ಪುಗಳೆಲ್ಲ ಬಯಲಿಗೆ ಬರುವದು ಈ ಜಾಗದಲ್ಲಿಯೇ. ತೂತು ತಪ್ಪಿದ್ದರೆ ಇಲ್ಲಿ ಕೂಡುವದಿಲ್ಲ. ಎರಕ ಬಿರಿದಿದ್ದರೆ ಇಲ್ಲಿ ಕಾಣುತ್ತದೆ. ಜೋಡಿಸುವವನು ಕಣ್ಣು ಮುಚ್ಚಿದರೆ ಆ ತಪ್ಪು ರೈಲನ್ನೇರಿ ಯಾವನೋ ಬಡವನ ಹೊಲವನ್ನು ಸೇರುತ್ತದೆ. ಕಡೆಯದು ಕಟ್ಟಿ ಕಳಿಸುವವರ ಕೆಲಸ. ತುಕ್ಕು ಹಿಡಿಯದಂತೆ, ರೈಲಿನ ಕುಲುಕಾಟಕ್ಕೆ ಒಡೆಯದಂತೆ ಕಟ್ಟಬೇಕು. ವಿಳಾಸ, ನಿಲ್ದಾಣ, ಎಣಿಕೆ ತಪ್ಪಕೂಡದು. ಎರಕದವನ ತಪ್ಪನ್ನು ಜೋಡಿಸುವವನು ಹಿಡಿಯಬಹುದು, ಅವನ ತಪ್ಪನ್ನು ಕಟ್ಟುವವನು ಹಿಡಿಯಬಹುದು. ಕಟ್ಟುವವನ ತಪ್ಪನ್ನು ಹಿಡಿಯುವವನು ಹೊಲದಲ್ಲಿ ನಿಂತ ಒಕ್ಕಲಿಗನೊಬ್ಬನೇ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆದ್ದರಿಂದಲೇ ಈ ಕೊನೆಯ ಕೈಗಳನ್ನು ಕೂಲಿಯ ಕೈಗಳೆಂದು ತಾತ್ಸಾರ ಮಾಡುವ ಕಾರಖಾನೆಯು ಬಾಳುವದಿಲ್ಲ.

1914ರಲ್ಲಿ ಆರಂಭವಾದ ಮೊದಲನೆಯ ಮಹಾಯುದ್ಧವು ಕಿರ್ಲೋಸ್ಕರವಾಡಿಗೆ ಅವಕಾಶವನ್ನೂ ಇಕ್ಕಟ್ಟನ್ನೂ ಒಟ್ಟಿಗೆ ತಂದಿತು. ವಿಲಾಯತಿಯ ನೇಗಿಲುಗಳು ಬರುವದು ನಿಂತು ದೇಶೀ ನೇಗಿಲಿಗೆ ಬೇಡಿಕೆ ಏರಿತು. ಆದರೆ ಕಬ್ಬಿಣವೂ ಇದ್ದಲಿಯೂ ದುರ್ಲಭವಾದವು. ಆಗ ಕೊಲ್ಲಾಪುರ ಸಂಸ್ಥಾನದ ಕೋಟೆಯಲ್ಲಿ ನಿರುಪಯೋಗವಾಗಿ ಬಿದ್ದಿದ್ದ ಹಳೆಯ ತೋಪುಗಳನ್ನು ಪಡೆದು ಕರಗಿಸಿ ನೇಗಿಲು ಮಾಡಿದರು. ಯುರೋಪಿನಲ್ಲಿ ರಾಷ್ಟ್ರಗಳು ಕಬ್ಬಿಣವನ್ನೆಲ್ಲ ತೋಪಾಗಿಸುತ್ತಿದ್ದ ಕಾಲದಲ್ಲಿ ಕೃಷ್ಣಾತೀರದ ಒಂದು ವಾಡಿಯಲ್ಲಿ ತೋಪುಗಳು ನೇಗಿಲುಗಳಾದವು. ಇದಕ್ಕೆ ವ್ಯಾಖ್ಯಾನವೇ ಬೇಕಿಲ್ಲ.

ಯುದ್ಧಾನಂತರ, 1920ರಲ್ಲಿ, ಉದ್ಯೋಗವು ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ಸೋದರನ ಮಗನಾದ ಶಂಕರರಾಯರು ಕಾರಖಾನೆಯ ಸಮಾಚಾರವನ್ನು ತಿಳಿಸಲೆಂದು ಕಿರ್ಲೋಸ್ಕರ ಖಬರ ಎಂಬ ಪತ್ರಿಕೆಯನ್ನು ಹೊರಡಿಸಿದರು. ಅದು ಬೆಳೆದು ಮರಾಠಿಯ ಪ್ರಸಿದ್ಧ ಮಾಸಿಕಗಳಲ್ಲೊಂದಾಯಿತು. ನೇಗಿಲಿನ ಸಾಲಿಗೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, 1926ರಿಂದ ನೀರೆತ್ತುವ ಪಂಪು, ಹೀಗೆ ಒಂದೊಂದಾಗಿ ಸೇರಿದವು. ಅಮೆರಿಕೆಯಲ್ಲಿ ಯಂತ್ರಶಾಸ್ತ್ರ ಕಲಿತು ಬಂದ ಹಿರಿಯ ಮಗ ಶಂತನುರಾಯರು ತಂದೆಯ ಹೆಗಲಿಗೆ ಹೆಗಲು ಕೊಟ್ಟರು. 1941ರಲ್ಲಿ ನಮ್ಮ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, ಮೈಸೂರು ಕಿರ್ಲೋಸ್ಕರ ಕಾರಖಾನೆ ಹುಟ್ಟಿತು. ಯಂತ್ರಗಳನ್ನು ಮಾಡುವ ಯಂತ್ರಗಳು, ಅಂದರೆ ಲೇಥುಗಳು, ಅಲ್ಲಿ ತಯಾರಾಗಿ ದೇಶಕ್ಕೆಲ್ಲ ಹೋದವು. ಹಲವು ದಶಕ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ ಆ ಕಾರಖಾನೆಯು ಕೊನೆಗೆ ಬಾಗಿಲು ಮುಚ್ಚಿದ್ದು ವಿಷಾದದ ಸಂಗತಿ. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ಯಂತ್ರಗಳ ಕಾರಖಾನೆಯೂ ಪುಣೆಯಲ್ಲಿ ಎಣ್ಣೆ ಇಂಜಿನುಗಳ ಕಾರಖಾನೆಯೂ ಸ್ಥಾಪಿತವಾದವು. ಬೆಳಗಾವಿಯು ಬಿಟ್ಟುಕೊಟ್ಟವರು ಹೀಗೆ ಬೇರೆ ದಾರಿಯಿಂದ ಕರ್ನಾಟಕಕ್ಕೆ ಮರಳಿದರು.

ಇಷ್ಟು ಹೇಳಿದ ಮೇಲೆ ಮತ್ತೊಂದು ಬದಿಯನ್ನು ಮರೆಮಾಚುವದು ನ್ಯಾಯವಲ್ಲ. ಭಾರವಾದ ಕಬ್ಬಿಣದ ನೇಗಿಲು ಎಲ್ಲರ ಸ್ವತ್ತಾಗಲಿಲ್ಲ. ಎರೆಯಲ್ಲಿ ಆಳಕ್ಕೆ ಬೇರೂರಿದ ಕರಿಕೆಯನ್ನು ಕಿತ್ತೊಗೆಯಲು ಅದರಷ್ಟು ಸಮರ್ಥವಾದದ್ದು ಬೇರೆ ಇರಲಿಲ್ಲ. ಆದರೆ ಅದಕ್ಕೆ ಒಂದು ಜೋಡಿ ಎತ್ತು ಸಾಲದು, ಎರಡು ಮೂರು ಜೋಡಿ ಹೂಡಬೇಕು. ಒಂಟೆತ್ತಿನ ಬಡವನು ಅದನ್ನು ಬಾಡಿಗೆಗೆ ತರುವನು, ಇಲ್ಲವೆ ದೂರದಿಂದ ನೋಡಿ ನಿಟ್ಟುಸಿರುಬಿಡುವನು. ಯಂತ್ರವು ಶ್ರಮವನ್ನು ಇಳಿಸುತ್ತದೆ, ಹಂಚಿಕೆಯ ನ್ಯಾಯವನ್ನು ತಾನಾಗಿ ತರುವದಿಲ್ಲ. ಅದು ಸಮಾಜವು ಮಾಡಬೇಕಾದ ಕೆಲಸ.

ಮೂರನೆಯ ಮತ್ತು ಅತಿ ಕ್ರೂರವಾದ ಪೆಟ್ಟು ಮುಪ್ಪಿನಲ್ಲಿ ಬಿದ್ದಿತು. 1948ರ ಜನವರಿ 30ರಂದು ಮಹಾತ್ಮಾ ಗಾಂಧಿಯವರ ಹತ್ಯೆಯಾಯಿತು. ಹಂತಕನ ಜಾತಿಯನ್ನು ಹಿಡಿದು ಆ ಪ್ರಾಂತದಲ್ಲಿ ಬ್ರಾಹ್ಮಣರ ಮೇಲೆ ಗಲಭೆಗಳೆದ್ದವು. ಗುಂಪುಗಳು ಕಿರ್ಲೋಸ್ಕರವಾಡಿಗೂ ನುಗ್ಗಿ ಕಾರಖಾನೆಗೆ ಬೆಂಕಿಯಿಟ್ಟವು. ಅಸ್ಪೃಶ್ಯತೆಯನ್ನು ಹೊರಗಟ್ಟಿದ, ಕಳ್ಳರೆನಿಸಿಕೊಂಡವರನ್ನು ಕಾವಲಿಗೆ ನಂಬಿದ ವಾಡಿಯು ಜಾತಿಯ ಹೆಸರಿನಲ್ಲಿ ಉರಿಯಿತು. ಅಹಿಂಸೆಗಾಗಿ ಬಾಳಿದವರ ಹೆಸರಿನಲ್ಲಿ ನಡೆದ ಈ ಹಿಂಸೆಯನ್ನು ಯಾವ ಮಾತಿನಿಂದ ಸಮರ್ಥಿಸುವದು? ಲಕ್ಷ್ಮಣರಾಯರಿಗೆ ಆಗ 78 ವರ್ಷ. ಅವರು ಕಣ್ಣೆದುರಿಗೆ ಕಟ್ಟಿದ್ದು ಕಣ್ಣೆದುರಿಗೇ ಸುಟ್ಟಿತು. ಆದಾಗ್ಯೂ ಕಾರಖಾನೆಯು ಮತ್ತೆ ಎದ್ದಿತು. ಕಟ್ಟಡ ಉರಿಯಬಹುದು, ಯಂತ್ರ ವಕ್ರವಾಗಬಹುದು. ಜೋಡಿಸಬಲ್ಲ ಕೈಗಳು ಉಳಿದಿದ್ದರೆ ಎಲ್ಲವನ್ನೂ ಮತ್ತೆ ಜೋಡಿಸಬಹುದು. 1910ರಲ್ಲಿ ಬಯಲಿನಲ್ಲಿ ಕಲಿತ ಪಾಠವು 1948ರಲ್ಲಿ ಬೂದಿಯ ನಡುವೆ ಒದಗಿತು.

ಲಕ್ಷ್ಮಣರಾಯರು 1956ರ ಸಪ್ಟೆಂಬರ್ 26ರಂದು ತೀರಿಕೊಂಡರು. 1969ರಲ್ಲಿ, ಅವರು ಹುಟ್ಟಿ ನೂರು ವರ್ಷ ತುಂಬಿದಾಗ, ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ದೂರದ ಹಳ್ಳಿಗಳಿಗೆ ಸರಕು ಕಳಿಸುವದರಲ್ಲಿ ಜನ್ಮ ಸವೆಸಿದವರಿಗೆ ಇದು ಒಪ್ಪುವ ಗೌರವವೇ ಸರಿ.

ನಮ್ಮ ತರುಣರಲ್ಲಿ ಹಲವರಿಗೆ ನಕ್ಷೆ ಬರೆಯುವ ಮೇಜು ಬೇಕು, ಪಾನಾ ಹಿಡಿಯುವ ಕೈ ಬೇಡ. ನಮ್ಮ ನಗರಗಳಿಗೆ ಕಾರಖಾನೆಯ ಕೀರ್ತಿ ಬೇಕು, ಅದರ ಹೊಗೆಗೂ ಸದ್ದಿಗೂ ಜಾಗವಿಲ್ಲ. ಇವೆರಡನ್ನೂ ಕೈ. ಲಕ್ಷ್ಮಣರಾಯರ ಚರಿತ್ರೆಯು ಮೌನವಾಗಿ ಖಂಡಿಸುತ್ತದೆ. ಇಂದು ಯಾವದೇ ಊರಿನ ಗೋದಾಮಿನಲ್ಲಿ ಯಂತ್ರದ ಕೊನೆಯ ಬೋಲ್ಟನ್ನು ಬಿಗಿದು, ಎಣಿಕೆಯನ್ನು ಎರಡನೆಯ ಸಲ ನೋಡಿ, ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿರುವ ಕೆಲಸಗಾರನು ತನ್ನ ಕೆಲಸವನ್ನು ಕಿರಿದೆಂದು ಎಣಿಸಬೇಕಾಗಿಲ್ಲ. ಆ ಪೆಟ್ಟಿಗೆಯನ್ನು ತೆರೆಯುವವನು ಅವನ ಮುಖವನ್ನು ಎಂದೂ ಕಾಣಲಾರನು. ಅವನ ಪ್ರಾಮಾಣಿಕತೆಯನ್ನು ಮಾತ್ರ ಮೊದಲನೆಯ ದಿನವೇ ಕಾಣುವನು.